ಕಳೆ ಔಷಧಿ ಹೊಡೆದ ಕೈ

ಕೊಪ್ಪದ ಸಿದ್ದೇಶನಿಗೆ ಅಪ್ಪನ ಕೈ ನಡುಕಕ್ಕಿಂತ ಮಂಡ್ಯದ ಡಾಕ್ಟರಮ್ಮ ಆಡಿದ ಮಾತೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಪ್ಪ ಅಂಕಯ್ಯನನ್ನು ಹೊರಗೆ ಕೂರಿಸಿ, ಇದು ಪಾರ್ಕಿನ್‌ಸನ್ ಕಾಯಿಲೆ ಎಂದು ಆಕೆ ಬಿಡಿಸಿ ಹೇಳಿದ್ದರು.

"ಕೈಕಾಲು ಸರಾಗವಾಗಿ ಆಡೋಕೆ ಬೇಕಾದ ಡೋಪಮಿನ್ ಅನ್ನೋ ರಾಸಾಯನಿಕವನ್ನ ಮೆದುಳಿನ ಕೆಲವು ನರಕೋಶಗಳು ತಯಾರಿಸ್ತವೆ. ಅವು ಆಮ್ಲಜನಕ ಬಳಸಿ ದುಡಿಯುವಾಗ ಹಾನಿ ಮಾಡೋ ಕಣಗಳೂ ಹುಟ್ಟುತ್ತವೆ. ಅವನ್ನ ಅಡಗಿಸೋ ಶಕ್ತಿ ಕೋಶದಲ್ಲೇ ಇರುತ್ತೆ. ಅದು ಸಾಲದೆ ಹೋದರೆ ಕೋಶ ಒಳಗೊಳಗೇ ಹಾಳಾಗಿ ಸಾಯುತ್ತೆ. ನಡುಕ ಕಾಣೋ ಹೊತ್ತಿಗೆ ಬಹಳಷ್ಟು ಸತ್ತಿರ್ತವೆ."

"ಯಾಕೆ ಇಂಗಾಯ್ತು ಮೇಡಂ?"

"ಇದೇ ಕಾರಣ ಅಂತ ಹೇಳೋಕಾಗಲ್ಲ. ಕೆಲವು ಕಳೆನಾಶಕಗಳು ಆ ಕಣಗಳನ್ನ ಹೆಚ್ಚಿಸ್ತವೆ. ನಿಮ್ಮಪ್ಪ ಹೊಡೀತಿದ್ರಾ?"

ಸಿದ್ದೇಶ ಹೌದೆಂದು ತಲೆಯಾಡಿಸಿದ. ಅಪ್ಪನ ಜೊತೆಗೇ ಊರವರ ಕಬ್ಬಿನ ಗದ್ದೆಗಳಲ್ಲಿ ಬರಿಗೈಯಲ್ಲಿ ಔಷಧಿ ಕಲಸಿ ಹೊಡೆದವನು ತಾನು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಅಂದಿನಿಂದ ಅವನ ಕಣ್ಣೆಲ್ಲ ತನ್ನ ಕೈಮೇಲೆ. ಹಾಲು ಕರೆಯುವಾಗ ಬೆರಳು ಕೊಂಚ ಸೋತರೂ ಚೆಂಬು ಕೆಳಗಿಟ್ಟು ಕೈ ಚಾಚಿ ನೋಡಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಮುದ್ದೆ ಮುರಿಯದೆ ಕೈಯನ್ನೇ ನೋಡುತ್ತ ಕೂತವನನ್ನು ಹೆಂಡತಿ ಸೌಮ್ಯ ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟ.

"ಇನ್ಮ್ಯಾಕೆ ಔಸ್ದಿ ಒಡೀಬ್ಯಾಡಿ, ಬುಟ್ಬುಡಿ," ಎಂದಳು ಆಕೆ.

"ಬುಟ್ಟಾಯ್ತು ಕಣಮ್ಮಿ. ಇಷ್ಟು ವರ್ಸ ಒಡ್ದಿರದು?"

ಸೌಮ್ಯ ಹತ್ತಿರ ಸರಿದು ಕೂತಳು. ಅವನ ಎಡಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಅದು ಅದುರುತ್ತಿದೆಯೇ ಎಂದು ಉಸಿರು ಬಿಗಿಹಿಡಿದು ತಾನೂ ನೋಡತೊಡಗಿದಳು.