‘ಇಲ್ಲ’ ಎನ್ನುವ ಮೊದಲು

ಬೆಳಗಿನ ಕೊನೆಯ ವಿದ್ಯಾರ್ಥಿನಿ ಕಾರನ್ನು ಗೋಡೆಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ, ತಾನೇ ನಿಲ್ಲಿಸಿದೆನೆಂದು ಹಿಗ್ಗಿದಳು. ನಿಲ್ಲಿಸಿದ್ದು ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರ ಕಾಲು. ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕ್ ಇರುತ್ತವೆ. ಎರಡನೆಯದನ್ನು ತುಳಿದೂ ತುಳಿದೂ ಅದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ಬಸ್ಸಿನಲ್ಲಿ ಕೂತರೂ ಕಾಲು ನೆಲವನ್ನು ಒತ್ತುತ್ತಿತ್ತು. ಹೆಂಡತಿಯ ಮಾತು ಸ್ವಲ್ಪ ವೇಗ ಹಿಡಿದರೂ ಒತ್ತುತ್ತಿತ್ತು. ಊರು ಅವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಹುಡುಗಿ ಇಳಿದು ಹೋದ ಮೇಲೆ ಮೇಷ್ಟ್ರು ಕಿಟಕಿಗಳನ್ನೆಲ್ಲ ಏರಿಸಿ, ಡ್ಯಾಶ್‌ಬೋರ್ಡಿನ ಖಾನೆಯಿಂದ ಎರಡು ಪುಟ್ಟ ಮೈಕುಗಳನ್ನು ತೆಗೆದರು. ಇನ್ನು ಕಾರು ಸ್ಟುಡಿಯೋ. ಮನೆಯಲ್ಲಿ ಕುಕ್ಕರು ಕೂಗುತ್ತದೆ, ಆಫೀಸಿನ ಪಕ್ಕ ವೆಲ್ಡಿಂಗ್ ಅಂಗಡಿ. ಬಾಗಿಲು ಹಾಕಿದ ಕಾರಿನಷ್ಟು ಸದ್ದಿಲ್ಲದ ಜಾಗ ಅವರ ಕೈಗೆಟುಕುವಂಥದ್ದು ಬೇರೆ ಇರಲಿಲ್ಲ. ಸೆಕೆಗೆ ಬೆವರು ಹರಿಯುತ್ತಿತ್ತು, ಅಷ್ಟೆ.

‘ನಮ್ಮೂರಿನ ಯುದ್ಧ’ ಎಂಬ ಆ ಪಾಡ್‌ಕಾಸ್ಟ್ ಶುರುವಾದದ್ದು ಒಂದು ಪ್ರಶ್ನೆಯಿಂದ. ಊರಿನ ಹಳೇ ಶಾಲೆಯ ಗೋಡೆಯ ಪಕ್ಕ ರಿವರ್ಸ್ ತೆಗೆಯುವಾಗ ಕಲಿಯಲು ಬಂದಿದ್ದ ಹುಡುಗನೊಬ್ಬ ಗುಂಡಿನ ತೂತುಗಳನ್ನು ನೋಡಿ, ಗೆದ್ದಲು ಹಿಡಿದಿದ್ದಾ ಸರ್ ಎಂದು ಕೇಳಿದ್ದ. ಮೇಷ್ಟ್ರಿಗೆ ನಗು ಬಂತು, ಆಮೇಲೆ ಬೇಸರವಾಯಿತು. ಮೂರು ದಶಕಗಳ ಹಿಂದೆ ಗಡಿಯಾಚೆಯವರು ನುಗ್ಗಿ, ನಮ್ಮ ಪಡೆ ಬಂದು, ಊರು ಅರ್ಧ ಸುಟ್ಟುಹೋಗಿತ್ತು. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಇಸವಿ, ಎರಡು ಸಾಲು. ಯುದ್ಧ ಮುಗಿದ ಮೇಲೆ ಮದುವೆಯಾಗಿ ಈ ಊರಿಗೆ ಬಂದ ಮೇಷ್ಟ್ರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳೋಣ ಎಂದು ಒಬ್ಬೊಬ್ಬರನ್ನೇ ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸತೊಡಗಿದರು.

ಜನ ಸ್ಟೀರಿಂಗ್ ಹಿಡಿದುಕೊಂಡು ಚೆನ್ನಾಗಿ ಮಾತಾಡುತ್ತಿದ್ದರು. ಲಾರಿ ಓಡಿಸುತ್ತಿದ್ದ ಮುದುಕನೊಬ್ಬ ಶೆಲ್ ಬಿದ್ದ ದಿನವನ್ನು ಹೇಳುತ್ತ ಹೇಳುತ್ತ ಗೇರನ್ನೂ ಬದಲಾಯಿಸಿಬಿಟ್ಟಿದ್ದ. ಯಾರ ಅಪ್ಪಣೆಯೂ ಇಲ್ಲದೆ, ಯಾವ ಸಂಸ್ಥೆಯ ಹಂಗೂ ಇಲ್ಲದೆ ನಡೆಯುತ್ತಿದ್ದ ಆ ಕಾರ್ಯಕ್ರಮಕ್ಕೆ ಕೇಳುಗರು ಒಬ್ಬೊಬ್ಬರಾಗಿ ಕೂಡಿಕೊಂಡರು. ಪರದೇಶದಲ್ಲಿದ್ದ ಯಾರೋ ಒಬ್ಬರು, ನಮ್ಮಜ್ಜಿ ಇದ್ದ ಬೀದಿಯ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು, ನಿಮಗೆ ಪುಣ್ಯ ಬರಲಿ ಎಂದು ಬರೆದಿದ್ದರು. ಆ ಸಾಲನ್ನು ಮೇಷ್ಟ್ರು ಹೆಂಡತಿಗೆ ಎಷ್ಟು ಸಲ ಓದಿ ಹೇಳಿದರೆಂದರೆ ಆಕೆಗೆ ಅದು ಬಾಯಿಪಾಠವಾಗಿತ್ತು.

ಧ್ವನಿಯ ಕೆಲಸವೆಲ್ಲ ಭಾವಮೈದನದು. ಮೊಬೈಲ್ ಅಂಗಡಿ ಇಟ್ಟಿದ್ದ ಅವನಿಗೆ ಆ ವಿದ್ಯೆ ಕರಗತ. ಮಾತಿನ ನಡುವೆ ಅಷ್ಟುದ್ದ ಗ್ಯಾಪ್ ಬಂದರೆ ಜನ ಫೋನ್ ಕೆಟ್ಟಿದೆ ಅಂದುಕೊಂಡು ಬೇರೆಯದಕ್ಕೆ ಹೋಗುತ್ತಾರೆ ಎಂಬುದು ಅವನ ವಾದ. ಅವನ ಹತ್ತಿರ ಒಂದು ಸಾಫ್ಟ್‌ವೇರ್ ಇತ್ತು. ಒಂದು ಗುಂಡಿ ಒತ್ತಿದರೆ ಕೆಮ್ಮು, ಉಸಿರು, ‘ಅದೇನಪ್ಪಾ’, ‘ಅಂದರೆ’, ಸುಮ್ಮನಿದ್ದ ಹೊತ್ತು ಎಲ್ಲವನ್ನೂ ಅದು ಗುಡಿಸಿ ಹಾಕುತ್ತಿತ್ತು. ತಡವರಿಸಿ ಮಾತಾಡಿದ ಮುದುಕರು ವಾರ್ತೆ ಓದುವವರ ಹಾಗೆ ಪಟಪಟನೆ ಹೊರಬರುತ್ತಿದ್ದರು. ಮೇಷ್ಟ್ರು ಭಾವಮೈದನ ಬೆನ್ನು ತಟ್ಟುತ್ತಿದ್ದರು.

ಟೀಚರಮ್ಮನ ಸಂಚಿಕೆಯೂ ಹಾಗೆಯೇ ಹೊರಬಂತು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಆಕೆ ಟೀಚರಮ್ಮನೇ. ಯುದ್ಧದ ಕಾಲದಲ್ಲಿ ನಮ್ಮ ಪಡೆ ಬೀಡುಬಿಟ್ಟಿದ್ದು ಆಕೆಯ ಶಾಲೆಯಲ್ಲಿ. ಆ ಸೈನಿಕರಿಂದ ಊರಿನವರಿಗೇನಾದರೂ ತೊಂದರೆ ಆಯಿತೇ ಎಂದು ಮೇಷ್ಟ್ರು ಕೇಳಿದ್ದರು. “ಇಲ್ಲ. ಹಾಗೇನಿಲ್ಲ” ಎಂದು ಟೀಚರಮ್ಮ ಹೇಳಿದ್ದರು.

ಆ ಪ್ರಶ್ನೆ, ಆ ಉತ್ತರ, ಎರಡನ್ನೇ ಯಾರೋ ಕತ್ತರಿಸಿ ಫೋನಿನಿಂದ ಫೋನಿಗೆ ಹರಿಯಬಿಟ್ಟರು. ಕೇಳಿದ ಕೂಡಲೇ ತಟ್ಟನೆ ಬಿದ್ದ ‘ಇಲ್ಲ’ ಎಲ್ಲರಿಗೂ ಹಿಡಿಸಿತು. ಕಣ್ಣಾರೆ ಕಂಡವರೇ ಹೇಳುತ್ತಿದ್ದಾರೆ, ಇನ್ನಾದರೂ ಸುಳ್ಳು ಹೇಳುವವರು ಬಾಯಿ ಮುಚ್ಚಲಿ ಎಂದು ಅದರ ಕೆಳಗೆ ಬರೆದರು. ಸುಳ್ಳು ಹೇಳುವವರು ಯಾರೆಂದು ಊರಿಗೆ ಗೊತ್ತಿತ್ತು. ಔಷಧದಂಗಡಿಯ ಹೆಂಗಸು, ಎಲ್ಲರೂ ಮೆಡಿಕಲ್ ಅಕ್ಕ ಎನ್ನುವವಳು. ಆ ಕಾಲದಲ್ಲಿ ಆಕೆಯ ಅಣ್ಣ ಕಾಣೆಯಾಗಿದ್ದ. ಗಡಿಯಾಚೆಯವರ ಜೊತೆ ಸೇರಿಕೊಂಡು ಓಡಿಹೋದ ಎಂದು ಊರು ಹೇಳುತ್ತಿತ್ತು. ಶಾಲೆಗೆ ಔಷಧ ಕೊಡಲು ಹೋದವನನ್ನು ಸೈನಿಕರೇ ಹಿಡಿದುಕೊಂಡು ಹೋದರು ಎಂದು ಆಕೆ ಒಬ್ಬಳೇ ಹೇಳುತ್ತ ಬಂದಿದ್ದಳು. ದ್ರೋಹಿಯ ತಂಗಿ ಎನಿಸಿಕೊಂಡು ಅದೇ ಊರಿಗೆ ಮಾತ್ರೆ ಎಣಿಸಿ ಕೊಡುವುದು ಸುಲಭವಲ್ಲ. ಮೇಷ್ಟ್ರು ಆಕೆಯನ್ನು ಎಂದೂ ಕಾರಿಗೆ ಕರೆದಿರಲಿಲ್ಲ. ಊರು ಹೇಳಿದ್ದನ್ನು ಅವರೂ ನಂಬಿದ್ದರು.

ಬೆನ್ನುನೋವಿನ ಮುಲಾಮಿಗೆಂದು ಅಂಗಡಿಗೆ ಹೋದಾಗ ಆಕೆ ಮುಲಾಮನ್ನು ಕೌಂಟರಿನ ಮೇಲಿಟ್ಟು, “ನಿಮ್ಮ ಕಾರ್ಯಕ್ರಮ ಕೇಳ್ದೆ ಮೇಷ್ಟ್ರೇ. ಇನ್ಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮೇಷ್ಟ್ರನ್ನು ದಾರಿಯುದ್ದಕ್ಕೂ ಕಾಡಿತು.

ಮರುದಿನ ಟೀಚರಮ್ಮ ಡ್ರೈವಿಂಗ್ ಶಾಲೆಯ ಆಫೀಸಿಗೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಾನು ಹೇಳಿದ್ದನ್ನ ನೀವು ತೆಗೆದುಬಿಟ್ಟಿದ್ದೀರಿ” ಎಂದರು.

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಒಂದು ಮಾತೂ ಬಿಟ್ಟಿಲ್ಲ, ಇಲ್ಲ ಅಂದಿರಿ, ಇಲ್ಲ ಅಂತಲೇ ಹಾಕಿದ್ದೇವೆ ಎಂದು ಸಮಜಾಯಿಷಿ ಕೊಟ್ಟರು.

“ಇಲ್ಲ ಅನ್ನೋ ಮೊದಲು ನಾನು ಎಷ್ಟು ಹೊತ್ತು ಸುಮ್ಮನಿದ್ದೆ, ಜ್ಞಾಪಕ ಇದೆಯಾ? ಅಷ್ಟು ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಕೇಳಿದವರಿಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ. ನೀವು ಅದನ್ನ ಕಸ ಅಂತ ಗುಡಿಸಿಬಿಟ್ರಿ.”

ಇಬ್ಬರೂ ಕಾರಿನಲ್ಲಿ ಕೂತು ಮೈಕಿನ ಮೆಮೊರಿಯಲ್ಲಿ ಉಳಿದಿದ್ದ ಮೂಲ ಧ್ವನಿಯನ್ನು ಕೇಳಿದರು. ಪ್ರಶ್ನೆ ಮುಗಿಯಿತು. ದೂರದಲ್ಲಿ ಒಂದು ಸ್ಕೂಟರ್ ಹೋಯಿತು. ಟೀಚರಮ್ಮ ಉಸಿರೆಳೆದುಕೊಂಡರು, ತುಟಿ ತೆರೆದ ಸಣ್ಣ ಸದ್ದಾಯಿತು, ಮಾತು ಬರಲಿಲ್ಲ. ಸೀಟು ಕಿರುಗುಟ್ಟಿತು. ಮತ್ತೊಮ್ಮೆ ಉಸಿರು, ಮತ್ತೊಮ್ಮೆ ತುಟಿ. ಕೇಳುತ್ತ ಕೂತ ಮೇಷ್ಟ್ರಿಗೆ ಇವರು ಈಗ ಹೇಳಿಯೇಬಿಡುತ್ತಾರೆ ಎನಿಸಿತು. ಆಮೇಲೆ ಬಂತು ‘ಇಲ್ಲ’. ಅದು ಪ್ರಶ್ನೆಗೆ ಕೊಟ್ಟ ಉತ್ತರವೇ ಆಗಿರಲಿಲ್ಲ, ನನ್ನ ಕೈಲಾಗುವುದಿಲ್ಲ ಎಂದು ಹಿಂದೆ ಸರಿದದ್ದು. ಪಕ್ಕದಲ್ಲೇ ಕೂತು ತಾನು ಆಗ ಏನು ಕೇಳಿಸಿಕೊಂಡೆ ಎಂದು ಅವರಿಗೆ ನಾಚಿಕೆಯಾಯಿತು.

“ಔಷಧದ ಪೆಟ್ಟಿಗೆ ತಂದುಕೊಟ್ಟವನನ್ನೇ ಲಾರಿ ಹತ್ತಿಸಿದ್ರು” ಎಂದರು ಟೀಚರಮ್ಮ. “ನನ್ನ ಹತ್ರ ಓದಿದ ಹುಡುಗ. ಅವನೆಲ್ಲೂ ಓಡಿಹೋಗ್ಲಿಲ್ಲ. ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಯಾರಿಗಾದ್ರೂ ಹೇಳಿದ್ರೆ ನಿಮಗೂ ಲಾರೀಲಿ ಜಾಗ ಇದೆ ಅಂದ್ರು. ಆಮೇಲೆ ಹೆದರಿಕೆ ಹೋಯ್ತು, ಆದ್ರೆ ಹೇಳೋ ಹೊತ್ತೂ ಮೀರಿ ಹೋಗಿತ್ತು.”

ಹಾಗಾದರೆ ಇದನ್ನೆಲ್ಲ ಈಗ ಹೊಸದಾಗಿ ರೆಕಾರ್ಡ್ ಮಾಡೋಣವೇ ಎಂದು ಮೇಷ್ಟ್ರು ಕೇಳಿದರು. ಮೊದಲು ಆ ಸುಮ್ಮನಿದ್ದದ್ದನ್ನು ಇದ್ದ ಹಾಗೇ ಹಾಕಿ, ಆಮೇಲೆ ಈಗ ಹೇಳಿದ್ದನ್ನು ಜೋಡಿಸಿ ಎಂದರು ಟೀಚರಮ್ಮ. ತಾನು ಹೆದರಿದ್ದೂ ಗೊತ್ತಾಗಲಿ ಎಂಬುದು ಆಕೆಯ ಆಸೆ.

ಭಾವಮೈದ ಒಪ್ಪಲಿಲ್ಲ. ಅವನ ಮಾತಿನಲ್ಲೂ ನ್ಯಾಯವಿತ್ತು. ಅವನ ಅಪ್ಪ, ಅಂದರೆ ಮೇಷ್ಟ್ರ ಮಾವ, ಅದೇ ಪಡೆಯಲ್ಲಿದ್ದವರು. ಶೆಲ್ ಸಿಡಿದು ಒಂದು ಕಿವಿ ಕಳೆದುಕೊಂಡು ಮನೆಗೆ ಬಂದವರು. “ಆ ಕ್ಲಿಪ್ ಬಂದ ಮೇಲೆ ಅಪ್ಪನನ್ನ ರಸ್ತೇಲಿ ನಿಲ್ಲಿಸಿ ಕೈ ಮುಗಿದ್ರು ಭಾವ. ಇಷ್ಟು ವರ್ಷದಲ್ಲಿ ಒಂದೇ ಸಲ. ಅದನ್ನೂ ಕಿತ್ಕೊಳ್ತೀರಾ? ಹೋದವನು ಎದ್ದು ಬರ್ತಾನಾ?”

“ಬರಲ್ಲ. ಮಾವನವರ ಕಿವೀನೂ ಬರಲ್ಲ” ಎಂದರು ಮೇಷ್ಟ್ರು. “ಎರಡೂ ಇದೇ ಊರಲ್ಲಿ ಹೋಗಿದ್ದು. ಒಂದನ್ನ ಹೇಳಿ ಇನ್ನೊಂದನ್ನ ಒರೆಸಿದ್ರೆ ನಾನು ಹೇಳ್ತಿರೋದು ನಮ್ಮೂರಿನ ಯುದ್ಧ ಹೇಗಾಗುತ್ತೆ?”

ಇನ್ನು ಮೇಲೆ ನೀವೇ ನೋಡಿಕೊಳ್ಳಿ ಎಂದು ಭಾವಮೈದ ಅಂಗಡಿಗೆ ಹೊರಟುಹೋದ. ಹೆಂಡತಿಯ ತವರಿನ ಜೊತೆ ಮನಸ್ತಾಪ, ಊರಿನ ಬಾಯಿ, ಡ್ರೈವಿಂಗ್ ಕಲಿಯಲು ಬರುವ ನಾಲ್ಕು ಜನರೂ ನಿಂತರೇನು ಗತಿ ಎಂಬ ಅಂಜಿಕೆ, ಎಲ್ಲವೂ ಮೇಷ್ಟ್ರ ತಲೆಯಲ್ಲಿ ಸುತ್ತಿದವು. ಆದರೂ ಮಾಡಿದರು. ಕತ್ತರಿಸಲು ಸ್ವತಃ ಅವರಿಗೆ ಬರುತ್ತಲೂ ಇರಲಿಲ್ಲ. ಕೆಮ್ಮು, ಸ್ಕೂಟರು ಎಲ್ಲವನ್ನೂ ಇದ್ದ ಹಾಗೇ ಏರಿಸಿ, ಅದರ ಬೆನ್ನಿಗೆ ಟೀಚರಮ್ಮನಿಂದ ಹೊಸದಾಗಿ ರೆಕಾರ್ಡ್ ಮಾಡಿಸಿದ ಮಾತನ್ನು ಜೋಡಿಸಿ, ಮೊದಲಿಗೆ ತಮ್ಮ ನಾಲ್ಕು ಮಾತು ಸೇರಿಸಿದರು: ಕಳೆದ ಸಲ ಟೀಚರಮ್ಮನ ಉತ್ತರದ ಮುಖ್ಯ ಭಾಗವನ್ನು ನಾನು ತೆಗೆದುಹಾಕಿದ್ದೆ, ಅದು ನನ್ನ ತಪ್ಪು. ಈಗ ಪೂರ್ತಿ ಇದೆ. ನಡುವೆ ಫೋನ್ ಕೆಟ್ಟಿಲ್ಲ, ದಯವಿಟ್ಟು ಕೇಳಿಸಿಕೊಳ್ಳಿ.

ಬೈಗುಳ ಬಂತು. ಕೆಲವರು ಮಕ್ಕಳನ್ನು ಬೇರೆ ಡ್ರೈವಿಂಗ್ ಶಾಲೆಗೆ ಸೇರಿಸಿದರು. ಕಾರಿನ ಬಾಗಿಲ ಮೇಲೆ ಯಾರೋ ಮೊಳೆಯಿಂದ ಗೀರಿದರು. ಆದರೆ ಅದರ ಜೊತೆಗೇ ಬೇರೆ ಕರೆಗಳೂ ಬಂದವು. ಒಬ್ಬಾತ ಫೋನ್ ಮಾಡಿ ಏನೂ ಹೇಳದೆ ಬಹಳ ಹೊತ್ತು ಸುಮ್ಮನಿದ್ದ. ಮೇಷ್ಟ್ರು ಹಲೋ ಹಲೋ ಎನ್ನದೆ ಕಾದರು. ಕೊನೆಗೆ ಆತ, ಆ ಲಾರಿಯಲ್ಲಿ ನಮ್ಮ ಮನೆಯವರೂ ಒಬ್ಬರಿದ್ದರು ಎಂದ. ಅಂಥ ಮಾತನ್ನು ನಂಬಿ ತನ್ನ ಕೈಗಿಟ್ಟವರ ಬಗ್ಗೆ ಮೇಷ್ಟ್ರಿಗೆ ಎದೆ ತುಂಬಿ ಬರುತ್ತಿತ್ತು. ಗೀರಿದ ಬಾಗಿಲಿನ ಸಂಗತಿಯನ್ನು ಅವರು ಬೇಗ ಮರೆತರು.

ಭಾವಮೈದನೂ ಬಂದ. ಹೊಸ್ತಿಲಲ್ಲೇ ನಿಂತು ಬಿಗುಮಾನದಿಂದಲೇ ಹೇಳಿದ. ಅಪ್ಪ ಕೇಳುವ ಕಿವಿಗೆ ಫೋನನ್ನು ಒತ್ತಿ ಹಿಡಿದುಕೊಂಡು ಪೂರ್ತಿ ಕೇಳಿದರಂತೆ, ಇನ್ನೊಂದು ಸಲ ಹಾಕಿಸಿಕೊಂಡರಂತೆ. “ಆ ಲಾರಿಗಳನ್ನ ನಾನೂ ನೋಡಿದ್ದೆ, ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ ಅಂದ್ರು ಭಾವ. ಒಂದು ದಿನ ನನ್ನನ್ನೂ ಆ ಕಾರಲ್ಲಿ ಕೂರಿಸೋಕೆ ಹೇಳು ಅಂದ್ರು.” ಮೇಷ್ಟ್ರು ಅವನನ್ನು ಒಳಗೆ ಕರೆದು ಕೂರಿಸಿದರು.

ಆ ವಾರವೇ ಟೀಚರಮ್ಮ ಔಷಧದಂಗಡಿಗೆ ಜೊತೆಯಲ್ಲಿ ಬನ್ನಿ ಎಂದು ಮೇಷ್ಟ್ರನ್ನು ಕೇಳಿದರು. ಇಷ್ಟು ವರ್ಷವೂ ಬಿ.ಪಿ. ಮಾತ್ರೆಗೆಂದು ಆಕೆ ಬಸ್ಸು ಹತ್ತಿ ಪೇಟೆಯ ಆ ತುದಿಗೆ ಹೋಗುತ್ತಿದ್ದರಂತೆ, ಮನೆಯ ಎದುರಿಗೇ ಅಂಗಡಿ ಇದ್ದರೂ. ಅಂಗಡಿಯ ಮೆಟ್ಟಿಲನ್ನು ಆಕೆಯೇ ಮೊದಲು ಹತ್ತಿದರು. ಬೈದರೆ ಬೈಸಿಕೊಂಡೇ ಬರುತ್ತೇನೆ ಎಂದು ಮೇಷ್ಟ್ರಿಗೆ ಮೊದಲೇ ಹೇಳಿದ್ದರು.

ಮೆಡಿಕಲ್ ಅಕ್ಕ ಬೈಯಲಿಲ್ಲ. ಕೌಂಟರಿನ ಹಲಗೆಯನ್ನು ಎತ್ತಿ ಟೀಚರಮ್ಮನನ್ನು ಒಳಗೆ ಕರೆದು, ತನ್ನ ಸ್ಟೂಲನ್ನೇ ಕೊಟ್ಟಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

“ಹೋಗೋವಾಗ ಏನಾದ್ರೂ ಅಂದ್ನಾ ಟೀಚರ್?”

“ಅಂದ. ನನ್ನ ಮುಂದೇನೇ ಕರ್ಕೊಂಡು ಹೋದ್ರು. ನನ್ನ ನೋಡಿ, ದಿನಾ ಸ್ಕೂಲ್ ಬಿಟ್ಟಾಗ ಹೇಳ್ತಿದ್ದ ಹಾಗೇ, ‘ಬರ್ತೀನಿ ಟೀಚರ್’ ಅಂದ.”

“ಬರ್ತೀನಿ ಅಂದ್ನಾ?”

“ಹೂಂ. ಬರ್ತೀನಿ ಅಂದ.”

ಮೆಡಿಕಲ್ ಅಕ್ಕ ಔಷಧದ ಕಪಾಟಿಗೆ ಒರಗಿ ನಿಂತಳು. ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಕೊನೆಗೆ ಬಗ್ಗಿ ಟೀಚರಮ್ಮನ ಎರಡೂ ಕೈ ಹಿಡಿದುಕೊಂಡಳು.

“ಅವನ ಕೊನೇ ಮಾತು ಯಾವುದು ಅಂತ ನನಗೆ ಗೊತ್ತೇ ಇರ್ಲಿಲ್ಲ ಟೀಚರ್. ನೀವು ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ರಿ.”

ಕೆಮ್ಮಿನ ಔಷಧಕ್ಕೆ ಬಂದ ಗಿರಾಕಿಯೊಬ್ಬ ಕೌಂಟರಿನ ಆಚೆ ನಿಂತು ಬಾಯಿ ತೆರೆದವನು, ಒಳಗಿನ ಇಬ್ಬರನ್ನೂ ನೋಡಿದ. ಅವಸರವಿಲ್ಲ ಎಂದು ಕೈಸನ್ನೆ ಮಾಡಿ ಮೇಷ್ಟ್ರ ಪಕ್ಕದಲ್ಲಿ ಕಾಯುತ್ತ ನಿಂತ.