ಬಸಿದು ಕೊಡಿ

ಉಪ್ಸಾರಿಗೆ ಉಪ್ಪೇ ಹಾಕಬಾರದು ಅಂದರೆ ಅದನ್ನು ಏನಂತ ಕರೆಯಬೇಕು, ನೀವೇ ಹೇಳಿ. ಡಾಕ್ಟರು ಹಾಗೆ ಅಂದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮ ಯಜಮಾನರು ಕೆಂಪಣ್ಣನವರಿಗೆ ಕಿಡ್ನಿ ಕೈಕೊಟ್ಟಿತ್ತು. ಉಪ್ಪು ಬೇಡ, ಎಳನೀರು ಬೇಡ, ಬಾಳೆಹಣ್ಣು ಬೇಡ. “ಸೊಪ್ಪು ತಿನ್ನಲೇಬೇಕು ಅಂದ್ರೆ ಚೆನ್ನಾಗಿ ಬೇಯಿಸಿ, ಬಸಿದು ಕೊಡಿ. ಅದೂ ಸ್ವಲ್ಪ. ಹೆಚ್ಚುಕಮ್ಮಿ ಆದ್ರೆ ಜೀವಕ್ಕೇ ಅಪಾಯ” ಅಂದರು.

ಬಸಿಯುವುದನ್ನು ನನಗೆ ಹೇಳಿಕೊಡುತ್ತಾರಂತೆ! ನಾಗಮಂಗಲದ ಈ ಕಡೆ ಹುಟ್ಟಿದ ಹೆಣ್ಣು ಜಡೆ ಹಾಕಿಕೊಳ್ಳುವುದಕ್ಕೆ ಮೊದಲೇ ಬಸಿಯುವುದನ್ನು ಕಲಿತಿರುತ್ತಾಳೆ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಇಳಿಯುವ ನೀರೇ ಕಟ್ಟು. ಆ ಕಟ್ಟಿಗೆ ಉಪ್ಪು ಬಿದ್ದರೆ ಉಪ್ಸಾರು. ಬಿಸಿ ಮುದ್ದೆ, ತಟ್ಟೆ ತುಂಬ ಉಪ್ಸಾರು, ಪಕ್ಕದಲ್ಲಿ ಅರೆದ ಖಾರ. ನಮ್ಮತ್ತೆ ಮಾಡಿದ್ದು ಅದೇ, ನಾನು ಮಾಡಿದ್ದೂ ಅದೇ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ನೋಡುತ್ತೇನೆ, ನಮ್ಮ ಸೊಸೆ ರಂಜಿತ ದಂಟಿನ ಸೊಪ್ಪು ಬೇಯಿಸಿ ಕಟ್ಟನ್ನು ಬಚ್ಚಲಿಗೆ ಸುರಿಯುತ್ತಿದ್ದಾಳೆ! ಕಿಕ್ಕೇರಿಯ ಒಕ್ಕಲು ಮನೆಯಿಂದ ಬಂದವಳು, ಕಟ್ಟಿನ ಬೆಲೆ ಗೊತ್ತಿಲ್ಲದವಳೇನಲ್ಲ.

“ಅಯ್ಯೋ ನಿನ್ನ! ಸತ್ವನೆಲ್ಲ ಚೆಲ್ಬುಟ್ಟು ಅವ್ರಿಗೆ ಸಿಪ್ಪೆ ತಿನ್ನುಸ್ತೀಯಾ?” ಅಂದೆ.

“ನೀರು ಚೆಲ್ಬೇಕು ಅಂತಾನೇ ಡಾಕ್ಟ್ರು ಅಂದಿದ್ದು ಅತ್ತೆ.”

“ಚೆಲ್ಲಿ ಅಂದ್ರಾ? ಬಸ್ದು ಕೊಡಿ ಅಂದ್ರು. ನನ್ ಕಿವಿ ಇನ್ನೂ ನೆಟ್ಟಗವೆ ಕಣವ್ವ.”

“ಒಂದ್ ಫೋನ್ ಮಾಡಿ ಕೇಳ್ಬುಡ್ಲಾ?”

ಪಕ್ಕದ ಮನೆ ಅಣ್ಣಮ್ಮ ಗೋಡೆಯಾಚೆ ನಿಂತು ಕಿವಿಗೊಟ್ಟಿದ್ದಳು. ನನ್ನ ಗಂಟಲು ಇನ್ನೂ ಏರಿತು. “ಸಾರು ಬಸಿಯೋದ್ನೂ ಡಾಕ್ಟ್ರುನ್ನ ಕೇಳುದ್ರು ಅಂತ ಊರೋರು ನಗ್ಲಿ ಅಂತಾನಾ? ನಿಮ್ಮವ್ವ ನಿಂಗೆ ಇದೇ ಕಲ್ಸಿದ್ದಾ?” ಅಂದು ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡೆ. ಅವ್ವನ ಮಾತು ಬಂದಾಗ ಅವಳ ಕಣ್ಣು ತುಂಬಿತು. ಅಂದಿನಿಂದ ಅವಳು ಬಾಯಿಬಿಡಲಿಲ್ಲ, ಯಜಮಾನರ ಅಡುಗೆ ನನ್ನದೇ ಆಯಿತು.

ಉಪ್ಪಿಲ್ಲದೆ ರುಚಿ ತರುವುದು ಹುಡುಗಾಟವಲ್ಲ. ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟೆ. ಮೆಣಸು, ಜೀರಿಗೆ ಹುರಿದು ಒರಳಲ್ಲಿ ಅರೆದೆ. ಕಟ್ಟನ್ನು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದೆ. ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದ ಮನುಷ್ಯ ತಟ್ಟೆ ಎತ್ತಿ ಸೊರ್ರನೆ ಕುಡಿದರು. “ಉಪ್ಪಿಲ್ಲ ಅಂತಾನೇ ಗೊತ್ತಾಗಕ್ಕಿಲ್ಲ ಕಣೆ, ಇನ್ನೊಂದ್ ಲೋಟ ಬುಡು” ಅಂದರು. ನಾನು ಉಬ್ಬಿಹೋದೆ. ರಂಜಿತಳಿಗೆ ಕೇಳಲಿ ಅಂತಲೇ “ಕುಡೀರಿ, ಬೇಕಾದಷ್ಟದೆ” ಅಂತ ಗಟ್ಟಿಯಾಗಿ ಹೇಳಿದೆ.

ಒಂದು ಬೆಳಿಗ್ಗೆ ಹಾಲು ಕರೆಯಲು ಕೂತವರು ಮೇಲೇಳಲಿಲ್ಲ. “ಕಾಲಲ್ಲಿ ಸಕ್ತಿನೇ ಇಲ್ಲ ಕಣ್ಲಾ” ಅಂದರು ಮಗನಿಗೆ. ಸಂತೋಷ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರು ರಕ್ತ ನೋಡಿ ಹೌಹಾರಿದರು. ಇನ್ನೊಂಚೂರು ತಡವಾಗಿದ್ದರೆ ಎದೆಬಡಿತವೇ ನಿಲ್ಲುತ್ತಿತ್ತಂತೆ. ಇಂಜೆಕ್ಷನ್ನು, ಡಯಾಲಿಸಿಸ್ಸು ಎಲ್ಲ ಆಗಿ ಸದ್ಯ ಜೀವ ಉಳಿಯಿತು.

ಆಮೇಲೆ ಡಾಕ್ಟರು ಯಜಮಾನರು ಏನೇನು ತಿಂದರು, ಕುಡಿದರು ಅಂತ ಕೇಳಿಕೊಂಡು ನಮ್ಮ ಮೂವರನ್ನೂ ಮಂಚದ ಹತ್ತಿರ ಕರೆದರು. “ಸೊಪ್ಪು ಬೇಯಿಸಿದ ನೀರು ಕೊಟ್ಟಿದೀರಾ? ಸೊಪ್ಪಿನ ಪೊಟ್ಯಾಸಿಯಂ ಎಲ್ಲ ಇಳಿಯೋದೇ ಅದರಲ್ಲಿ, ಇವರ ಪಾಲಿಗೆ ಅದೇ ವಿಷ. ಮನೇಲಿ ಅಡುಗೆ ಯಾರು ಮಾಡೋದು?”

“ನಾನು” ಅನ್ನಬೇಕಿತ್ತು. “ಸೊಸೆ, ಸಾ” ಅಂದುಬಿಟ್ಟೆ.

ಡಾಕ್ಟರು ರಂಜಿತಳ ಕಡೆ ತಿರುಗಿ, “ಓದಿದ ಹುಡುಗಿ, ಬಸಿದು ಚೆಲ್ಲಬೇಕು ಅನ್ನೋದು ತಿಳಿಯಲ್ವೇನಮ್ಮ?” ಅಂತ ಗದರಿದರು. ಸಂತೋಷ ಅವಳನ್ನು ನುಂಗುವಂತೆ ನೋಡಿದ. ಅವಳು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ನಾನು ನೆಲ ನೋಡುತ್ತಾ ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಆಗ ಮಂಚದಿಂದ ಯಜಮಾನರ ದನಿ ಬಂತು. “ಸಾ, ಆ ಸಾರು ಸೊಸೇದಲ್ಲ. ನಮ್ಮನೆಯೋಳ್ದು. ಉಪ್ಪಿಲ್ದೆ ಅಂಗೆ ಮಾಡಕ್ಕೆ ಇನ್ನೊಬ್ಬರ ಕೈಲಿ ಆಗಕ್ಕಿಲ್ಲ.” ಆ ಸೊರಗಿದ ಮುಖದಲ್ಲಿ ಎಂಥ ಹೆಮ್ಮೆ!

ಸಂತೋಷ ನನ್ನ ಕಡೆ ತಿರುಗಿದ.

“ಊಂ ಸಾ, ನಾನೇ” ಅಂದೆ. “ಈ ಮಗ ಚೆಲ್ತಿದ್ಲು. ನಾನೇ ಬೈದು ಪಾತ್ರೆ ಕಿತ್ಕಂಡೆ. ಈಗ ಸುಳ್ಳೂ ಏಳ್ಬುಟ್ಟೆ.” ರಂಜಿತಳ ಕೈ ಹಿಡಿಯಲು ಹೋದೆ. ಅವಳು ಕೈ ಬಿಡಿಸಿಕೊಂಡು ಮಾವನ ಹೊದಿಕೆ ಸರಿಮಾಡಿದಳು.

ಯಜಮಾನರು ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡಿದರು. “ಯಾಕ್ಲಾ ಸಂತೋಸ, ನಿಮ್ಮವ್ವ ಅಳ್ತಾವ್ಳೆ? ಸಾರು ಚೆಂದಾಗಿತ್ತು ಅಂತ ತಾನೆ ನಾನು ಏಳಿದ್ದು?”