ಬೆಂದ ಬಟಾಟೆಯ ಪಾಠ

ಶ್ರಾವಣ ಸೋಮವಾರ ನನ್ನ ಹೆಂಡತಿ ಗೌರಕ್ಕನ ಉಪವಾಸ. ಬೆಳಗ್ಗೆ ಬೇಗ ಎದ್ದು ಫರಾಳಕ್ಕೆ, ಅಂದರೆ ಉಪವಾಸದ ತಿಂಡಿಗೆ, ಬಟಾಟೆ ಕುದಿಸಿಬಿಡುತ್ತಾಳೆ. ತೊಂಬತ್ತೇಳನೇ ಇಸವಿಯ ಅಂಥದೊಂದು ಸೋಮವಾರ, ಸೊಸೆ ರಜನಿ ಸಿಪ್ಪೆ ಹೆರೆದು, ನಡುವೆ ಬಟ್ಟಲಿನಂತೆ ತೋಡಿ ನೀರಲ್ಲಿಟ್ಟಿದ್ದ ದೊಡ್ಡ ಬಟಾಟೆಯನ್ನೂ ಗೌರಕ್ಕ ಕುದಿಸಿಬಿಟ್ಟಳು.

"ಮಸಾಲಿ ತುಂಬಾಕ ತೋಡಿಟ್ಟಾಳ ಅನ್ಕೊಂಡ್ನಿ" ಅಂದಳು.

ಮಸಾಲೆಗಲ್ಲ, ಪಾಠಕ್ಕೆ. ರಜನಿ ಬಿ.ಎಡ್. ಓದುತ್ತಿದ್ದಳು. ಆ ಮಧ್ಯಾಹ್ನ ಹಳೇ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಪಾಠ ಮಾಡಬೇಕು, ಕಾಲೇಜಿನ ಮೇಡಂ ಹಿಂದೆ ಕುಳಿತು ನೋಡಬೇಕು. ಮೊದಲ ಸಲ ಬಾಯಿಂದ ಮಾತೇ ಹೊರಡದೆ ಅಳುತ್ತ ಮನೆಗೆ ಬಂದಿದ್ದಳು. ಈ ಸಲವೂ ಹಾಗಾದರೆ ಓದೇ ಬಿಡುತ್ತೇನೆ ಎಂದಿದ್ದಳು.

ನಾನು ಗೌಸಮೊದ್ದೀನನ ತರಕಾರಿ ಕೈಗಾಡಿಯಿಂದ ಬೇರೆ ಬಟಾಟೆ ತರುವಷ್ಟರಲ್ಲಿ ಅತ್ತೆ ಸೊಸೆಯರ ವಾದ ನಡೆದಿತ್ತು.

"ಇದನ್ನ ಒಯ್ದ್ರ ಏನಾಗತೈತಿ? ಎಷ್ಟ್ ಛಲೋ ಬೆಂದೈತಿ."

"ಅತ್ತಿ, ಅದು ಸತ್ತೈತ್ರಿ. ಹಸೀ ಬಟಾಟಿಗೆ ಜೀವ ಇರತೈತಿ."

"ಹಂಗಂದ್ರ ಇಷ್ಟ್ ವರ್ಷ ನಾ ಜೀವ ತಗದು ಉಪವಾಸ ಮಾಡೇನೇನ?"

ರಜನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬೆಂದದ್ದನ್ನು ಎತ್ತಿ ಚೀಲದಲ್ಲಿಟ್ಟಳು.

"ಇದನ್ನೂ ಒಯ್ತೇನ್ರಿ" ಅಂದಳು.

ಸಾಮಾನು ಹಿಡಿದು ನಾನೂ ಶಾಲೆಗೆ ಹೋದೆ. ಹೊತ್ತು ಹಿಡಿಯುತ್ತದೆಂದು ಬೆಳಗ್ಗೆಯೇ ಅವಳು ಅಲ್ಲಿ ಎರಡು ತಾಟಿನಲ್ಲಿ ನೀರು ಹಾಕಿ, ಒಂದರಲ್ಲಿ ಹೊಸದಾಗಿ ತೋಡಿದ ಹಸಿ ಬಟಾಟೆ, ಇನ್ನೊಂದರಲ್ಲಿ ಬೆಂದದ್ದನ್ನು ಕೂಡಿಸಿದಳು. ಎರಡರ ಕುಳಿಯಲ್ಲೂ ಅರ್ಧದವರೆಗೆ ಸಕ್ಕರೆ ನೀರು ಸುರಿದು, ಅದರ ಮಟ್ಟದ ಗುರುತಿಗೆ ಗುಂಡುಸೂಜಿ ಚುಚ್ಚಿದಳು.

ಪಾಠ ಶುರುವಾದಾಗ ನಾನು ಕಿಟಕಿಯ ಹೊರಗೆ ಕುಳಿತಿದ್ದೆ. ರಜನಿ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಅಕ್ಕೋರ, ಹಸೀದ್ರಾಗ ನೀರು ಸೂಜಿ ದಾಟೇತ್ರಿ. ಯಾರ್ ಹಾಕಿದ್ರು?"

"ಯಾರೂ ಹಾಕಿಲ್ಲ. ತಾಟಿನ ನೀರು ತಾನ ಒಳಗ ಬಂದೈತಿ."

ಅಲ್ಲಿಂದ ಅವಳ ಮಾತು ನಿಲ್ಲಲಿಲ್ಲ. ಬಟಾಟೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು, ಒಂದೊಂದಕ್ಕೂ ಒಂದು ಪೊರೆ. ಅದು ನೀರನ್ನು ಬಿಡುತ್ತದೆ, ಸಕ್ಕರೆಯನ್ನು ತಡೆಯುತ್ತದೆ. ಸಕ್ಕರೆ ಹೆಚ್ಚಿದ್ದ ಕಡೆಗೆ ನೀರು ಕೋಶದಿಂದ ಕೋಶಕ್ಕೆ ದಾಟಿ ಬಂದಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೂ ತಿಳಿಯಿತು.

"ಮತ್ತ ಬೆಂದದ್ರಾಗ ಯಾಕ ಏರಿಲ್ರಿ?"

"ಕುದಿಸಿದ್ರ ಪೊರಿ ಕೆಟ್ಟು ಹೋಗತೈತಿ. ತಡಿಯೂದು ಏನೂ ಉಳಿಯೂದಿಲ್ಲ, ಸಕ್ಕರಿ ಹೊರಗ ಸೋರತೈತಿ. ಆ ತಾಟಿನ ನೀರು ನೆಕ್ಕಿ ನೋಡು."

ಹುಡುಗಿ ಬೆರಳದ್ದಿ ಬಾಯಿಗಿಟ್ಟಳು. "ಸಿಹಿ ಐತ್ರಿ."

ಇಡೀ ವರ್ಗವೇ ಎದ್ದು ತಾಟಿಗೆ ಮುತ್ತಿತು. ಅವರ ನಡುವೆ ತೂರಿ ಮೇಡಂ ಕೂಡ ಬೆರಳದ್ದಿದರು.

"ಒಂದು ಬೇಯಿಸಿ ತರೂದು ಯಾರ ವಿಚಾರ?" ಎಂದು ಕೇಳಿದರು.

"ನಮ್ಮ ಅತ್ತೀದ್ರಿ."

"ಛಲೋ ಆತು. ಮುಂದಿನ ಪಾಠ ಹತ್ತನೇದವ್ರಿಗೆ ಮಾಡು."

ಮನೆಗೆ ಬಂದು ಎಲ್ಲ ಹೇಳಿದೆವು. ಗೌರಕ್ಕ ನಗಲಿಲ್ಲ. ಸೊಸೆಯ ಹತ್ತಿರ ಬಂದು ಕುಳಿತು, ಗಂಭೀರವಾಗಿ ಕೇಳಿದಳು.

"ಹತ್ತನೇದವ್ರಿಗೆ ಏನ್ ಕುದಿಸ್ಲಿ?"